ಇದರಲ್ಲಿ ಯಾರು ಏನು ಮಾಡಿದ್ರು ಅಂತ ಎಲ್ಲಿದೆ?

ಬೆಳೆ ವಿಮೆ ಕಂಪನಿಯಿಂದ ಬಂದ ಆ ಪತ್ರವನ್ನು ಚಿಕ್ಕಪ್ಪ ಆಗಲೇ ಮೂರು ಸಲ ಓದಿದ್ದರು. ನಾನು ಹೋದ ಕೂಡಲೇ ನನ್ನ ಕೈಗೆ ಕೊಟ್ಟು, "ಜೋರಾಗಿ ಓದು" ಅಂದರು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿ ಮನೆಯ ಜಗಲಿ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು.

"ತಮ್ಮ ದೂರನ್ನು ಪರಿಶೀಲಿಸಲಾಗಿದೆ. ತಾಂತ್ರಿಕ ಕಾರಣಗಳಿಂದ ಕೆಲವು ಅವಧಿಯ ಮಳೆ ದತ್ತಾಂಶದಲ್ಲಿ ವ್ಯತ್ಯಾಸ ಉಂಟಾಗಿರುವ ಸಾಧ್ಯತೆಯನ್ನು ಗಮನಿಸಲಾಗಿದೆ. ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ತಮಗೆ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ."

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಇದ್ರಲ್ಲಿ ಯಾರು ಏನು ಮಾಡಿದ್ರು ಅಂತ ಎಲ್ಲಿದೆ ಮಾರಾಯ?"

ಹಿಂದಿನ ಮಳೆಗಾಲದಲ್ಲಿ ಅವರ ಒಂದೂವರೆ ಎಕರೆ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದಿತ್ತು. ಕೊಳೆ ಬಂದ ತೋಟಕ್ಕೆ ಹೋದವರಿಗೆ ಆ ವಾಸನೆ ಗೊತ್ತು. ಎಳೆ ಕಾಯಿ ಉದುರಿ ಕಾಲಿಟ್ಟಲ್ಲೆಲ್ಲ ಸಿಗುತ್ತದೆ. ಇದಕ್ಕೆ ನಮ್ಮಲ್ಲಿ ಇರುವ ಮದ್ದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಹೊಡೆಯಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ವರ್ಷ ಎರಡನೇ ಸಲಕ್ಕೆ ಮಳೆ ಬಿಡಲೇ ಇಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಬಂದು, ಮರ ಜಾರುತ್ತದೆ ಅಂತ ವಾಪಸ್ ಹೋದ.

ಬೆಳೆ ವಿಮೆ ಇತ್ತು. ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಅದರಲ್ಲಿ 5 ಪರ್ಸೆಂಟ್, ಅಂದರೆ 6,400 ರೂಪಾಯಿ ರೈತನ ಕಂತು. ಚಿಕ್ಕಪ್ಪ ತಮ್ಮ ಜಾಗಕ್ಕೆ ಸುಮಾರು 3,900 ಕಟ್ಟಿದ್ದರು. ಈ ವಿಮೆಯಲ್ಲಿ ತೋಟಕ್ಕೆ ಬಂದು ಯಾರೂ ಕಾಯಿ ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳುತ್ತದೋ ಅದೇ ಲೆಕ್ಕ. ಹಾಗಾಗಿ ನಮ್ಮ ಕಡೆ ಆ ಯಂತ್ರ ಅಂದರೆ ಸಣ್ಣ ವಿಷಯ ಅಲ್ಲ. ಆ ಸಲ ಚಿಕ್ಕಪ್ಪನ ಖಾತೆಗೆ ಬಂದ ದುಡ್ಡು ಕಟ್ಟಿದ ಕಂತಿಗಿಂತಲೂ ಕಡಿಮೆ. ಅದಕ್ಕೇ ದೂರು ಕೊಟ್ಟಿದ್ದರು.

ನಾನು ಪತ್ರವನ್ನು ಮತ್ತೆ ನೋಡಿದೆ. ಪರಿಶೀಲಿಸಲಾಗಿದೆ. ಗಮನಿಸಲಾಗಿದೆ. ಕೈಗೊಳ್ಳಲಾಗುವುದು. ನಾವು ಮಾತಾಡುವ ಕನ್ನಡದಲ್ಲಿ ಕ್ರಿಯಾಪದದ ತುದಿಯಲ್ಲೇ ಮನುಷ್ಯ ಇರುತ್ತಾನೆ. ಮಾಡುತ್ತೇನೆ ಅಂದರೆ ನಾನು. ಮಾಡಿದಳು ಅಂದರೆ ಅವಳು. ಮಾಡಿದೆವು ಅಂದರೆ ನಾವು. ಹೆಸರು ಹೇಳದೇ ಇದ್ದರೂ ಯಾರು ಅಂತ ಗೊತ್ತಾಗುತ್ತದೆ. ಇಂಥ ಭಾಷೆಯಲ್ಲಿ ಮಾಡಿದವನನ್ನು ಮುಚ್ಚಿಡಬೇಕು ಅಂದರೆ ಬೇಕೆಂದೇ ಮುಚ್ಚಿಡಬೇಕು. "ಲಾಗಿದೆ" ಇರುವುದು ಅದಕ್ಕೇ. ಆ ಪತ್ರದಲ್ಲಿ "ನಾವು" ಕಾಣಿಸುವುದು ಒಂದೇ ಕಡೆ, ವಿಷಾದಿಸುತ್ತೇವೆ ಅನ್ನುವಾಗ. ಅದಕ್ಕೂ ಒಂದು "ಆಗಿದ್ದಲ್ಲಿ" ಸೇರಿಸಿದ್ದಾರೆ. ಚಿಕ್ಕಪ್ಪನಿಗೆ ಅತಿ ಹೆಚ್ಚು ನೋವಾಗಿದ್ದು ಅದರಿಂದ. "ಆಗಿದ್ರೆ ಅಂತೆ. ಆಗಿದೆ ಅಂತ ನಾನು ಬರೆದಿದ್ನಲ್ಲ?"

ಒಳಗಿದ್ದ ಚಿಕ್ಕಮ್ಮ ಆಗ ಒಂದು ಮಾತು ಹೇಳಿದರು. ಅವರ ತವರಿನವರು ಸಾಗರದ ಕಡೆಯವರು, ಲಿಂಗನಮಕ್ಕಿ ಮುಳುಗಡೆಯವರು. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರ ಊರು ನೀರಿನಡಿ ಹೋಗಿತ್ತು. "ನಮ್ಮಪ್ಪ ಯಾವಾಗ್ಲೂ ‘ನಮ್ಮನ್ನ ಎಬ್ಬಿಸಿದ್ರು’ ಅಂತ್ಲೇ ಹೇಳ್ತಿದ್ರು. ಕಾಗದದಲ್ಲಿ ಮಾತ್ರ ‘ಸ್ಥಳಾಂತರಿಸಲಾಗಿದೆ’ ಅಂತ ಇತ್ತು." ಎಬ್ಬಿಸಿದರು ಅನ್ನುವ ಮಾತಿನಲ್ಲಿ ಎಬ್ಬಿಸಿದವರೂ ಇದ್ದಾರೆ, ಎದ್ದು ಹೋದವರೂ ಇದ್ದಾರೆ. ಆ ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಕೊಟ್ಟ ಜಾಗದ ಹಕ್ಕಿನ ತೊಡಕು ಇವತ್ತಿಗೂ ಬಿಟ್ಟಿಲ್ಲ. ಅವರ ಅರ್ಜಿಗಳೂ ಅರವತ್ತು ವರ್ಷದಿಂದ "ಪರಿಶೀಲನೆಯಲ್ಲಿವೆ".

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಮಂಡಗದ್ದೆ, ಗಾಜನೂರು ದಾಟುವ ತನಕ ಚಿಕ್ಕಪ್ಪ ಮಾತಾಡಲಿಲ್ಲ. ಪತ್ರ ಮಡಿಸಿ ಅಂಗಿ ಜೇಬಿನಲ್ಲಿಟ್ಟು, ಮೇಲೆ ಕೈ ಇಟ್ಟುಕೊಂಡಿದ್ದರು.

ಕಂಪನಿಯ ಕಚೇರಿಯಲ್ಲಿ ಮೊದಲು ಸಿಕ್ಕವರು ಪತ್ರದ ಮಾತನ್ನೇ ಮತ್ತೆ ಹೇಳಿದರು. ಎರಡನೆಯವರೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮೂಲೆಯ ಟೇಬಲ್ಲಿನ ಒಬ್ಬ ಹುಡುಗ ಕುರ್ಚಿ ಎಳೆದು ಕೊಟ್ಟ. ಕಂಪ್ಯೂಟರಿನಲ್ಲಿ ತುಂಬಾ ಹೊತ್ತು ಹುಡುಕಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ನಿಮ್ಮ ಪಂಚಾಯಿತಿ ಯಂತ್ರದ ಬ್ಯಾಟರಿ ಹೋಗಿತ್ತು ಯಜಮಾನ್ರೇ. ಹದಿನೆಂಟು ದಿನ ಲೆಕ್ಕ ಬಂದಿಲ್ಲ. ಆ ದಿನಗಳಿಗೆ ಬೇರೆ ಕಡೆ ಮಳೆ ಲೆಕ್ಕ ಹಾಕಿದ್ದೀವಿ. ಅಲ್ಲಿ ಮಳೆ ಕಡಿಮೆ ಇತ್ತು, ಅದಕ್ಕೇ ನಿಮಗೆ ದುಡ್ಡೂ ಕಡಿಮೆ ಬಂತು. ಯಾಕೆ ಲೆಕ್ಕ ಬರ್ತಿಲ್ಲ ಅಂತ ನಾವು ಕೇಳ್ಬೇಕಿತ್ತು. ಕೇಳ್ಲಿಲ್ಲ."

ನಮ್ಮ ಜಿಲ್ಲೆಯಲ್ಲಿ ಒಂದೂರಿನ ಮಳೆ ಇನ್ನೊಂದೂರಿನ ಮಳೆ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ನಾವು ಕೂತಿದ್ದ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಗುಡ್ಡದ ಆಚೆ ಈಚೆಗೇ ಎಷ್ಟೋ ವ್ಯತ್ಯಾಸ. "ತಾಂತ್ರಿಕ ಕಾರಣ" ಅನ್ನುವ ಎರಡು ಪದದೊಳಗೆ ಇಷ್ಟೆಲ್ಲ ಇತ್ತು.

ಚಿಕ್ಕಪ್ಪ ಸಿಟ್ಟು ಮಾಡಬಹುದು ಅಂದುಕೊಂಡಿದ್ದೆ. ಮಾಡಲಿಲ್ಲ. ಅವರ ಮುಖ ಎಷ್ಟೋ ಸಡಿಲ ಆಯಿತು. "ಈಗ ಹೇಳಿದ್ರಲ್ಲ, ಇಷ್ಟನ್ನ ಬರೆದು ಕೊಡ್ತೀರಾ?" ಅಂದರು.

ಹುಡುಗ ತಲೆ ತಗ್ಗಿಸಿದ. "ಹಾಗೆ ಬರೆಯೋಕೆ ಆಗಲ್ಲ. ಮೇಲಿಂದ ಬಂದಿರೋ ಮಾದರಿ ಇದೆ, ಅದನ್ನೇ ಕಳಿಸ್ಬೇಕು." ಅವನ ಮೇಲೆ ನನಗೆ ಕೋಪ ಇಲ್ಲ. ಬೆಳಗಿನಿಂದ ನಮ್ಮ ಜೊತೆ ಮನುಷ್ಯನ ಹಾಗೆ ಮಾತಾಡಿದವನು ಅವನೊಬ್ಬನೇ. ಅವನ ಬಾಯಲ್ಲಿ "ಕೇಳ್ಲಿಲ್ಲ" ಅಂತ ಇದ್ದದ್ದು ಕಾಗದಕ್ಕೆ ಹೋಗುವಾಗ "ವ್ಯತ್ಯಾಸ ಉಂಟಾಗಿರುವ ಸಾಧ್ಯತೆ" ಆಗುತ್ತದೆ. ಆ ಮಾದರಿ ಬರೆದವರು ಯಾರೋ, ಅವರ ಮೇಲೆ ಮಾತ್ರ ನನಗೆ ತುಂಬಾ ಕೋಪ ಇದೆ.

ಹೊರಗೆ ಬಂದು ಒಂದು ಹೋಟೆಲಿನಲ್ಲಿ ಕೂತೆವು. ಚಿಕ್ಕಪ್ಪ ಬಿಳಿ ಹಾಳೆ ತರಿಸಿ ತಾವೇ ಅರ್ಜಿ ಬರೆದರು. ನಾನು ಸಹಾಯಕ್ಕೆ ಹೋದರೆ ಬೇಡ ಅಂದರು. ಬರೆದಾದ ಮೇಲೆ ಓದಲು ಕೊಟ್ಟರು.

"ಮೊದಲನೇ ಔಷಧಿಯನ್ನು ನಾನು ಒಂದು ವಾರ ತಡವಾಗಿ ಹೊಡೆಸಿದೆ. ಅದರಿಂದ ಹೋದ ಅಡಿಕೆ ನನ್ನ ಲೆಕ್ಕಕ್ಕೆ. ಹದಿನೆಂಟು ದಿನ ಯಂತ್ರ ಕೆಟ್ಟಿತ್ತು. ನೀವು ವಿಚಾರಿಸಲಿಲ್ಲ. ಅದು ನಿಮ್ಮ ಲೆಕ್ಕಕ್ಕೆ. ಆ ದಿನಗಳ ದುಡ್ಡು ಕೊಡುತ್ತೀರೋ ಇಲ್ಲವೋ ತಿಳಿಸಿ. ಉತ್ತರ ಬರೆಯುವವರು ತಮ್ಮ ಹೆಸರು ಹಾಕಿ."

ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು, ಸಂಜೆ ಬಸ್ಸಿಗೆ ಊರಿಗೆ ಬಂದೆವು. ಉತ್ತರ ಇನ್ನೂ ಬಂದಿಲ್ಲ. ಪಂಚಾಯಿತಿ ಕಡೆ ಹೋದಾಗೆಲ್ಲ ಚಿಕ್ಕಪ್ಪ ಆ ಮಳೆಮಾಪಕದ ಹತ್ತಿರ ನಿಂತು, ದೀಪ ಉರಿಯುತ್ತಿದೆಯಾ ಅಂತ ನೋಡಿ ಬರುತ್ತಾರೆ.