ಟೈಟಾನಿಯಂ ಹಿಡಿಯುವ ಆರು ಅಮೈನೋ ಆಮ್ಲಗಳು: ನಾಲ್ಕನೆಯ ತಿಂಗಳ ಟಿಪ್ಪಣಿ

ಅಪ್ಪನ ಕೆಳದವಡೆಯಲ್ಲಿ ಕೂರಿಸಿದ್ದ ಕೃತಕ ಹಲ್ಲಿನ ಟೈಟಾನಿಯಂ ಬೇರು ಎಲುಬಿನೊಡನೆ ಬೆಸೆಯದೆ ಸಡಿಲವಾಗಿ, ಅದನ್ನು ತೆಗೆಸಬೇಕಾಗಿ ಬಂದಂದಿನಿಂದ, ಲೋಹವೂ ಎಲುಬೂ ಕೂಡುವ ಆ ತೆಳುವಾದ ಗಡಿಯನ್ನು ಅರಿಯಬೇಕೆಂಬ ಹಟ ನನಗೆ ಹಿಡಿದಿದೆ. ಶಿರಸಿಯ ನಮ್ಮ ಮನೆಯ ಉಪ್ಪರಿಗೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ, ಗ್ರೊಮ್ಯಾಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಈ ಕೆಲಸಕ್ಕೆ ಈಗ ನಾಲ್ಕನೆಯ ತಿಂಗಳು.

ಜಪಾನಿನ ಸಾನೊ ಮತ್ತು ಶಿಬಾ 2003ರಲ್ಲಿ ವರದಿ ಮಾಡಿದ, ಟೈಟಾನಿಯಂ ಹಿಡಿಯುವ ಪುಟ್ಟ ಪೆಪ್ಟೈಡನ್ನೇ, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿಯನ್ನೇ, ನಾನು ಆರಿಸಿಕೊಂಡಿದ್ದೇನೆ: ಆರ್ಜಿನೀನ್, ಲೈಸೀನ್, ಲ್ಯೂಸೀನ್, ಪ್ರೋಲೀನ್, ಆಸ್ಪಾರ್ಟಿಕ್ ಆಮ್ಲ, ಅಲನೀನ್. ಬಗೆಬಗೆಯ ಪೆಪ್ಟೈಡ್‌ಗಳನ್ನು ಮೈಮೇಲೆ ಹೊತ್ತ ವೈರಸ್‌ಗಳನ್ನು ಟೈಟಾನಿಯಂ ಜೊತೆ ಬೆರೆಸಿ, ತೊಳೆದರೂ ಬಿಡದವನ್ನು ಬೆಳೆಸಿ, ಮತ್ತೆ ಬೆರೆಸುತ್ತ ಹೋಗಿ ಅವರು ಇದರ ಜಾಡು ಹಿಡಿದರು.

ಮೊದಲೆರಡು ತಿಂಗಳು ನನ್ನ ಪೆಪ್ಟೈಡ್ ಮೇಲ್ಮೈಯ ಸಮೀಪ ಬಂದು ಮರಳಿ ನೀರಿಗೇ ಹೋಗುತ್ತಿತ್ತು. ತಪ್ಪು ನನ್ನ ಮಾದರಿಯಲ್ಲಿತ್ತು. ದೇಹದೊಳಗಿನ ಟೈಟಾನಿಯಂ ಬರಿಯ ಲೋಹವಲ್ಲ. ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವೊಂದು ಅದನ್ನು ಮುಚ್ಚಿರುತ್ತದೆ, ಆ ಪದರದ ಹೈಡ್ರಾಕ್ಸಿಲ್ ಗುಂಪುಗಳಲ್ಲಿ ಕೆಲವು ರಕ್ತದ ಪಿಎಚ್ 7.4ರಲ್ಲಿ ಪ್ರೋಟಾನ್ ಕಳೆದುಕೊಂಡು ಋಣ ವಿದ್ಯುದಂಶ ಪಡೆಯುತ್ತವೆ. ನಾನು ಮೇಲ್ಮೈಯನ್ನು ತಟಸ್ಥವಾಗಿ ಬಿಟ್ಟಿದ್ದರಿಂದ ಆರ್ಜಿನೀನಿಗೆ ಹಿಡಿಯಲು ಏನೂ ಇರಲಿಲ್ಲ. ಅದನ್ನು ತಿದ್ದಿದ ಬಳಿಕ ಧನಾತ್ಮಕ ಆರ್ಜಿನೀನ್, ಮೇಲ್ಮೈಗೆ ಬಿಗಿಯಾಗಿ ಅಂಟಿಕೊಂಡಿರುವ ನೀರಿನ ಪದರವನ್ನು ಸೀಳಿಕೊಂಡು ಕೆಳಗಿಳಿದು, ಹೆಚ್ಚು ಹೊತ್ತು ನಿಂತದ್ದನ್ನು ಕಂಡೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಉಪ್ಪಿನ ಸೋಡಿಯಂ ಅಯಾನುಗಳೂ ಅದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ಆ ಹಿಡಿತ ಆಗಾಗ ತಪ್ಪುತ್ತದೆ.

ಆರ್ಜಿನೀನಿನ ಜಾಗದಲ್ಲಿ ವಿದ್ಯುದಂಶವಿಲ್ಲದ ಅಲನೀನ್ ಇಟ್ಟು ಕಂಪ್ಯೂಟರಿನಲ್ಲಿ ನಡೆಸಿದ ಮೂರು ಓಟಗಳಲ್ಲಿ ಪೆಪ್ಟೈಡ್ ಬೇಗನೆ ಕಳಚಿಕೊಂಡಿತು. ಮೂರು ಓಟಗಳಿಂದ ಏನನ್ನೂ ಸಾಧಿಸಿದಂತಾಗದು. ಕನಿಷ್ಠ ಹತ್ತಾದರೂ ಬೇಕು. ಪೆಪ್ಟೈಡ್, ನೀರು, ಮೇಲ್ಮೈ ಎಲ್ಲ ಸೇರಿ ಸುಮಾರು 20,000 ಪರಮಾಣುಗಳಿರುವ ನನ್ನ ಮಾದರಿಯ ಪೆಟ್ಟಿಗೆಯನ್ನು ಕಂಪ್ಯೂಟರ್ ದಿನವಿಡೀ ಓಡಿಸಿದರೆ ಅಣುಗಳ ಚಲನೆ 20 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ 20 ಪಾಲು) ಮುಂದೆ ಹೋಗುತ್ತದೆ, ಆಷಾಢದ ಗಾಳಿಮಳೆಗೆ ಕರೆಂಟು ಹೋದಾಗ ಅದೂ ಇಲ್ಲ. ಈಗ ಪ್ರತಿ ಐದು ನಿಮಿಷಕ್ಕೊಮ್ಮೆ ಸ್ಥಿತಿಯನ್ನು ಉಳಿಸುವಂತೆ ಮಾಡಿದ್ದೇನೆ.

ಲೋಹವನ್ನು ಹಿಡಿದರಷ್ಟೇ ಸಾಲದು, ಎಲುಬಿನ ಕೋಶಗಳನ್ನೂ ಅದು ಕರೆದು ಕೂರಿಸಬೇಕು. ಅದಕ್ಕಾಗಿ ಮೂರು ಗ್ಲೈಸೀನ್‌ಗಳ ಕೊಂಡಿಯಿಟ್ಟು, ಕೋಶಗಳು ಗುರುತಿಸುವ ಆರ್ಜಿನೀನ್–ಗ್ಲೈಸೀನ್–ಆಸ್ಪಾರ್ಟಿಕ್ ಆಮ್ಲದ ತುಣುಕನ್ನು ಬಾಲಕ್ಕೆ ಸೇರಿಸಿದ್ದೇನೆ. ಅದರಲ್ಲೂ ಒಂದು ಆರ್ಜಿನೀನ್ ಇರುವುದರಿಂದ ಬಾಲವೇ ಲೋಹದ ಕಡೆ ಬಾಗಿ, ಕೋಶಗಳಿಗೆ ಕಾಣದಂತಾಗುವುದೋ ಎಂಬುದೇ ನನ್ನ ಆತಂಕ. ಮೊದಲ ಓಟ ನಿನ್ನೆ ಸಂಜೆ ಶುರುವಾಗಿದೆ.