ಎಣಿಕೆ ಸರಿ, ಪ್ಯಾಕೆಟ್ ತಪ್ಪು

ಕ್ರಿಸ್‌ಮಸ್ ಪರೀಕ್ಷೆ ಮುಗಿಯಿತು, ಪೇಪರ್ ನೋಡಿ ಆಯಿತು, ಸಿ.ಪಿ.ಟಿ.ಎ. (ಕ್ಲಾಸಿನ ಹೆತ್ತವರ ಸಭೆ) ಕೂಡ ಆಯಿತು. ಎರಡನೇ ಟರ್ಮಿನ ಎಸ್.ಆರ್.ಜಿ. (ಶಾಲೆಯ ಟೀಚರ್‌ಗಳ ಸಭೆ) ಮಿನಿಟ್ಸ್‌ನಲ್ಲಿ ಆ ದಿನದ ಬಗ್ಗೆ ಒಂದೇ ಸಾಲು ಉಂಟು: ‘ಮೂರನೇ ತರಗತಿ ಕನ್ನಡ ವಿಭಾಗದ ಗಣಿತ ಪರೀಕ್ಷೆ 35 ನಿಮಿಷ ತಡವಾಗಿ ಆರಂಭವಾಯಿತು.’ ಆ 35 ನಿಮಿಷದಲ್ಲಿ 20 ನಿಮಿಷವಾದರೂ ಪರೀಕ್ಷೆಯ ಚಾರ್ಜ್ ಇದ್ದ ನನ್ನ ಲೆಕ್ಕಕ್ಕೆ ಬರಬೇಕು. ಮಿನಿಟ್ಸ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಇಲ್ಲಿ ಉಂಟು.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ. ಪ್ರತಿ ಕ್ಲಾಸಿಗೆ ಕನ್ನಡ ಒಂದು ಡಿವಿಜನ್, ಮಲಯಾಳ ಒಂದು ಡಿವಿಜನ್. ಇಂಥ ಶಾಲೆಗೆ ಮೂರು ಮತ್ತು ನಾಲ್ಕನೇ ಕ್ಲಾಸಿಗೆ ಮಾತ್ರ ಪ್ರಶ್ನೆಪತ್ರಿಕೆಯ ಎಷ್ಟು ಪ್ಯಾಕೆಟ್ ಬರುತ್ತದೆ ಅಂತ ನೋಡಿ. ಒಂದು ಕ್ಲಾಸಿಗೆ ಕನ್ನಡ ಭಾಷೆ ಒಂದು, ಮಲಯಾಳ ಭಾಷೆ ಒಂದು, ಇಂಗ್ಲಿಷ್ ಒಂದು, ಅರಬಿ ಒಂದು, ಪರಿಸರ ಎರಡು ಮಾಧ್ಯಮದ್ದೂ ಸೇರಿ ಎರಡು, ಗಣಿತ ಹಾಗೆಯೇ ಎರಡು. ಒಟ್ಟು 8. ಎರಡು ಕ್ಲಾಸಿಗೆ 16. ಪೇಪರ್ ಹಂಚುವ ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ತರುವಾಗ ಎಣಿಸಿದ್ದು 16, ಶಾಲೆಯ ಕಪಾಟಿನಲ್ಲಿ ಇಡುವಾಗ ಎಣಿಸಿದ್ದೂ 16. ರಿಜಿಸ್ಟರಿನಲ್ಲಿ 16 ಅಂತ ಬರೆದು ಸಹಿ ಹಾಕಿದ್ದೂ ಆಯಿತು.

ಲೇಬಲ್‌ನಲ್ಲಿ ನಾಲ್ಕು ಕಲಂ: ಕ್ಲಾಸ್, ವಿಷಯ, ಮಾಧ್ಯಮ, ಪ್ರತಿಗಳ ಸಂಖ್ಯೆ. ಮೂರನೇ ಕ್ಲಾಸಿನ ಪ್ಯಾಕೆಟ್‌ಗಳಲ್ಲಿ ಎರಡರ ಮೇಲೆ ‘3 – ಕನ್ನಡ – 25’ ಅಂತ ಇತ್ತು, ಮಾಧ್ಯಮದ ಕಲಂ ಖಾಲಿ. ಇದು ಕಣ್ಣಿಗೆ ಬೀಳಲಿಲ್ಲ ಅಂತ ಹೇಳುವ ಹಾಗಿಲ್ಲ, ಬಿದ್ದಿತ್ತು. ಓಣಂ ಪರೀಕ್ಷೆಗೆ ಬಂದ ಲೇಬಲ್‌ಗಳು ಕೈಬರಹದ್ದು, ಗಣಿತದ ಒಂದು ಪ್ಯಾಕೆಟ್ ಮೇಲೆ ವಿಷಯ ಬರೆಯದೆ ಮಾಧ್ಯಮ ಮಾತ್ರ ಬರೆದಿದ್ದರು. ಈ ಸಲವೂ ಅದೇ ಕಥೆ, ಒಂದು ಕನ್ನಡ ಭಾಷೆ, ಇನ್ನೊಂದು ಕನ್ನಡ ಮಾಧ್ಯಮದ ಗಣಿತ ಅಂತ ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಕೈಯಲ್ಲಿ ಹಿಡಿದು ತೂಗಿದ್ದರೂ ಸಾಕಿತ್ತು. ಮೂರನೇ ಕ್ಲಾಸಿನ ಗಣಿತದ ಪೇಪರ್‌ನಲ್ಲಿ ಚಿತ್ರ ಜಾಸ್ತಿ, ಎರಡು ಹಾಳೆ. ಭಾಷೆಯದ್ದು ಈ ಸಲ ಒಂದೇ ಹಾಳೆ ಮಡಚಿದ್ದು. ಎರಡು ಪ್ಯಾಕೆಟ್ ಒಂದೇ ದಪ್ಪ ಇದ್ದವು.

ಪ್ಯಾಕೆಟ್ ಬಿಚ್ಚಲಿಕ್ಕೆ ಪರೀಕ್ಷೆಗೆ ಅರ್ಧ ಗಂಟೆ ಮೊದಲು ಮಾತ್ರ ಅನುಮತಿ. ಹಾಗಾಗಿ ತಪ್ಪು ಗೊತ್ತಾಗುವುದೇ 9.30ಕ್ಕೆ. ಮೊದಲನೆಯದು ಬಿಚ್ಚಿದಾಗ ಭಾಷೆಯ ಪೇಪರ್, ನಾಡಿದ್ದಿನದ್ದು. ಸರಿ, ಹಾಗಾದರೆ ಇನ್ನೊಂದು ಗಣಿತ ಅಂತ ಎಚ್ಚೆಮ್ (ಹೆಡ್‌ಮಾಸ್ಟರ್) ಎದುರಿಗೇ ಎರಡನೆಯದನ್ನೂ ಬಿಚ್ಚಿದ್ದು. ಅದೂ ಭಾಷೆ! ಗಣಿತ ಸಿಗಲಿಲ್ಲ, ಮೇಲಿಂದ ನಾಡಿದ್ದಿನ ಪರೀಕ್ಷೆಯ ಎರಡು ಪ್ಯಾಕೆಟ್‌ನ ಸೀಲ್ ಹೋಯಿತು. ಅದನ್ನು ಹೊಸ ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಎಚ್ಚೆಮ್ ಮತ್ತು ಇಬ್ಬರು ಟೀಚರ್‌ಗಳ ಸಹಿ, ದಿನಾಂಕ, ಗಂಟೆ, ಯಾಕೆ ಬಿಚ್ಚಿದ್ದು ಎನ್ನುವ ಎರಡು ಸಾಲು. ಇದಕ್ಕೇ ಆರು ನಿಮಿಷ ಹೋಯಿತು. ಹೋಗಲೇಬೇಕಾದ ಆರು ನಿಮಿಷ. ಈ ಸಹಿ ಇಲ್ಲದಿದ್ದರೆ ನಾಳೆ ಪೇಪರ್ ಹೊರಗೆ ಹೋಯಿತು ಎನ್ನುವ ಮಾತಿಗೆ ಉತ್ತರ ಹೇಳಲು ದಾಖಲೆಯೇ ಇರುವುದಿಲ್ಲ.

9.36ಕ್ಕೆ ಬಿ.ಆರ್.ಸಿ.ಗೆ ಫೋನ್. ‘ಫೈಲ್ ಕಳಿಸ್ತೇನೆ ಟೀಚರೇ, ಪ್ರಿಂಟ್ ತೆಗೀರಿ’ ಅಂತ ಅಲ್ಲಿಂದ. 9.44ಕ್ಕೆ ವಾಟ್ಸಾಪ್‌ನಲ್ಲಿ ಫೈಲ್ ಬಂತು. ಬದುಕಿದೆವು ಅಂತ ಲ್ಯಾಪ್‌ಟಾಪ್‌ಗೆ ಹಾಕಿ ತೆರೆದರೆ ಕನ್ನಡದ ಒಂದು ಅಕ್ಷರ ಇಲ್ಲ. ಪುಟ ತುಂಬ ಪೌಂಡ್ ಗುರುತು, ತಲೆಗೆ ಗೆರೆ ಎಳೆದ ಇಂಗ್ಲಿಷ್ ಎ, ನಡುವೆ ಅಲ್ಲಲ್ಲಿ ಅಂಕೆಗಳು ಮಾತ್ರ ಸರಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ. ಯುನಿಕೋಡ್ ಅಲ್ಲ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಕನ್ನಡ, ಉಳಿದ ಕಡೆ ಈ ಗೋಜಲು. ಶಾಲೆಯ ಲ್ಯಾಪ್‌ಟಾಪ್‌ನಲ್ಲಿರುವುದು ಕೈಟ್‌ನವರ (ಕೇರಳದ ಶಾಲೆಗಳ ಐ.ಟಿ. ನೋಡಿಕೊಳ್ಳುವ ಸಂಸ್ಥೆ) ಉಬುಂಟು, ಅದರಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು?

ದೊಡ್ಡ ತಪ್ಪು ಆದದ್ದು ಇಲ್ಲಿ. ಪಕ್ಕದ ಶಾಲೆ ಮೂರು ಕಿಲೋಮೀಟರ್. ಪ್ರತಿ ಪ್ಯಾಕೆಟ್‌ನಲ್ಲಿ ಎರಡು ಮೂರು ಪ್ರತಿ ಹೆಚ್ಚಿಗೆ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ಪ್ರತಿ ತಂದರೂ ಜೆರಾಕ್ಸ್ ಮಾಡಬಹುದು. ಸ್ಕೂಟರ್ ಅಂಗಳದಲ್ಲೇ ನಿಂತಿತ್ತು, ಮಾಷ್ಟ್ರು ಕೀ ಹಿಡಿದು ಬಾಗಿಲಲ್ಲೇ ನಿಂತಿದ್ದರು. ‘ಹೋಗಿ ಬರ್ಲಾ?’ ಅಂತ ಎರಡು ಸಲ ಕೇಳಿದರು. ‘ಒಂದು ನಿಮಿಷ, ಆಯ್ತು’ ಅಂತ ಎರಡು ಸಲವೂ ಹೇಳಿದ್ದು ನಾನು. ಫಾಂಟ್ ಇಳಿಸಿ ನೋಡಿದ್ದು, ಫಾಂಟ್ ಹೆಸರು ಬದಲಿಸಿ ನೋಡಿದ್ದು, ಕನ್ವರ್ಟರ್‌ಗೆ ಹಾಕಿ ನೋಡಿದ್ದು. ಕನ್ವರ್ಟರ್‌ನಲ್ಲಿ ಅಕ್ಷರ ಬಂತು, ಆದರೆ ಪೆಟ್ಟಿಗೆಯೊಳಗಿದ್ದ ಪ್ರಶ್ನೆ ಪೆಟ್ಟಿಗೆಯ ಹೊರಗೆ ಬಂತು, ಚಿತ್ರ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ. ಪಿ.ಡಿ.ಎಫ್. ಮಾಡಿ ಕಳಿಸಿ ಅಂತ ಫೋನ್ ಮಾಡಿದರೆ ‘ಇಲ್ಲಿ ಸರಿ ಕಾಣ್ತದಲ್ಲ’ ಎನ್ನುವ ಉತ್ತರ. ಅವರಿಗೆ ಸರಿ ಕಾಣುವುದೇ ಸಮಸ್ಯೆ ಅಂತ ಆ ಹೊತ್ತಿಗೆ ವಿವರಿಸುವುದು ಹೇಗೆ ಮಾರಾಯ್ರೆ! ಪಿ.ಡಿ.ಎಫ್. ಆಗಿದ್ದರೆ ಫಾಂಟ್ ಫೈಲ್ ಒಳಗೇ ಕೂತು ಬರುತ್ತಿತ್ತು.

9.58ಕ್ಕೆ ಸ್ಕೂಟರ್ ಹೊರಟಿತು. 10.17ಕ್ಕೆ ವಾಪಸ್ ಬಂತು, 4 ಪ್ರತಿಗಳ ಜೊತೆ. 9.36ಕ್ಕೇ ಹೊರಟಿದ್ದರೆ 9.55ಕ್ಕೆ ಪೇಪರ್ ಕೈಯಲ್ಲಿ ಇರುತ್ತಿತ್ತು. 10ರಿಂದ 10.15 ಕೂಲ್ ಆಫ್ ಟೈಮ್, ಬರೆಯಲು ಶುರು ಮಾಡುವ ಮೊದಲಿನ ಹೊತ್ತು. ಜೆರಾಕ್ಸ್ ಅದರೊಳಗೆ ಮುಗಿದು, ಮಕ್ಕಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಮಕ್ಕಳು 23. ನಾಲ್ಕು ಮೂಲ ಪ್ರತಿ ಇದ್ದರೆ 19 ಜೆರಾಕ್ಸ್ ಬೇಕು, ನಾಲ್ಕು ಪುಟದ ಪೇಪರ್, ಅಂದರೆ 76 ಪುಟ. ಆಫೀಸಿನ ಪ್ರಿಂಟರ್‌ನಲ್ಲಿ ಗಾಜಿನ ಮೇಲೆ ಒಂದೊಂದೇ ಪುಟ ಇಟ್ಟು ತೆಗೆಯಬೇಕು. ಒಂದನೇ ಪುಟ 19 ಸಲ, ಹಾಳೆ ಕಂತೆ ತಿರುಗಿಸಿ ಹಾಕಿ ಎರಡನೇ ಪುಟ 19 ಸಲ. ತಿರುಗಿಸುವಾಗ ತಲೆ ಮೇಲೆ ಯಾವ ಕಡೆ ಅಂತ ಮೊದಲು ಒಂದು ಹಾಳೆ ತೆಗೆದು ನೋಡಬೇಕು. ನೋಡದಿದ್ದರೆ 19 ಹಾಳೆಯಲ್ಲೂ ಎರಡನೇ ಪುಟ ತಲೆಕೆಳಗು. (ನೋಡಿದೆವು. ಅದೊಂದು ಪುಣ್ಯ.) ನೋಡದೆ ಬಿಟ್ಟದ್ದು ಕಪ್ಪು-ಬಿಳುಪಿನ ಹದ. ಮೂರನೇ ಪುಟದಲ್ಲಿ 10, 20, 50ರ ನೋಟುಗಳ ಚಿತ್ರ, ಒಟ್ಟು ಎಷ್ಟು ರೂಪಾಯಿ ಅಂತ ಪ್ರಶ್ನೆ. ಜೆರಾಕ್ಸ್‌ನಲ್ಲಿ ಐದು ನೋಟು ಐದು ಕರಿ ಪಟ್ಟಿ. ಗಾಢತೆ ಎರಡು ಹಂತ ಇಳಿಸಿ, ಫೋಟೋ ಮೋಡ್‌ನಲ್ಲಿ ತೆಗೆದರೆ ಅಂಕೆ ಕಾಣುತ್ತದೆ. ಅದು ಗೊತ್ತಾದದ್ದು ಸಂಜೆ. ಆ ಹೊತ್ತಿಗೆ ಮಾಡಿದ್ದು, ಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಐದು ಚೌಕ ಎಳೆದು ನೋಟಿನ ಬೆಲೆ ಬರೆದದ್ದು. 10.35ಕ್ಕೆ ಪೇಪರ್ ಕೈಗೆ ಸಿಕ್ಕಿತು, ಕೂಲ್ ಆಫ್ ಸೇರಿ 12.50ರ ತನಕ.

ಊಟದ ಬೆಲ್ 12.30ಕ್ಕೇ ಆಗಿತ್ತು. ಆ ದಿನ ಹಾಜರಿ 164, ತಲೆಗೆ 100 ಗ್ರಾಂ ಲೆಕ್ಕದಲ್ಲಿ 16 ಕಿಲೋ 400 ಗ್ರಾಂ ಅಕ್ಕಿ, ಮೊಟ್ಟೆಯ ದಿನ. ಅಡುಗೆಯವರು ಒಬ್ಬರೇ. 500 ಮಕ್ಕಳ ತನಕ ಒಬ್ಬರೇ ಎನ್ನುವ ಲೆಕ್ಕ ಮಾಡಿದವರು 16 ಕಿಲೋ ಅಕ್ಕಿಯ ಅನ್ನ ಒಮ್ಮೆ ಬಸಿದು ನೋಡಬೇಕು. ಮೊಟ್ಟೆ ಎಣಿಸಿದ್ದು, ಕಡಿಮೆ ಬರಲಿಲ್ಲ. ಸಾಂಬಾರು ಮಾತ್ರ ಮೂರನೇ ಕ್ಲಾಸಿನವರು ಬರುವಾಗ ತಳದ ಬೇಳೆ. ಪರೀಕ್ಷೆ ತಡವಾದರೆ ಅಡುಗೆಮನೆಗೆ ಮೊದಲೇ ಹೇಳಿ ಒಂದು ಪಾತ್ರೆ ಬೇರೆ ತೆಗೆದಿಡಬೇಕು, ಅಷ್ಟೆ. ಆ ದಿನ ಯಾರಿಗೂ ನೆನಪಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಪೇಪರ್ ನೋಡಲು ಕೂತಾಗ ಇನ್ನೊಂದು ಸಿಕ್ಕಿತು. ನಿಜ ಹೇಳಬೇಕಾದರೆ ಪ್ಯಾಕೆಟ್‌ಗಿಂತ ಇದು ಹೆಚ್ಚು ಚುಚ್ಚಿತು. ಕ್ಯಾಲೆಂಡರ್ ಕೊಟ್ಟು ಪ್ರಶ್ನೆ: ‘ಈ ತಿಂಗಳಲ್ಲಿ ಎಷ್ಟು ಅವಧಿ ದಿನಗಳಿವೆ?’ ಪ್ರಶ್ನೆಪತ್ರಿಕೆ ಮೊದಲು ಮಲಯಾಳದಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬರುವುದು. ಮಲಯಾಳದಲ್ಲಿ ಅವಧಿ ಅಂದರೆ ರಜೆ. ಅನುವಾದ ಮಾಡಿದವರು ಲಿಪಿ ಬದಲಿಸಿದರು, ಶಬ್ದ ಬದಲಿಸಲಿಲ್ಲ. ನಮ್ಮ ಮಕ್ಕಳಿಗೆ ಅವಧಿ ಅಂದರೆ ಗೋಡೆಯ ಟೈಮ್ ಟೇಬಲ್‌ನಲ್ಲಿರುವ ಒಂದನೇ ಅವಧಿ, ಎರಡನೇ ಅವಧಿ. ಮೂವರು 8 ಅಂತ ಬರೆದಿದ್ದರು. ಟೈಮ್ ಟೇಬಲ್‌ನಲ್ಲಿ ಇರುವುದು 8. ತಲೆ ಎತ್ತಿ ಗೋಡೆ ನೋಡಿ ಎಣಿಸಿ ಬರೆದಿದ್ದಾರೆ ಪಾಪ. ಆರು ಮಂದಿ ಖಾಲಿ ಬಿಟ್ಟಿದ್ದರು, ಮೂವರು ಬೇರೆ ಏನೋ ಬರೆದಿದ್ದರು, 11 ಮಂದಿ ಸರಿ.

ಸರಿ ಬರೆದ 11 ಮಂದಿಯ ಹೆಸರು ನೋಡಿದರೆ ಹೆಚ್ಚಿನವರ ಮನೆಮಾತು ಮಲಯಾಳ. ಜೂನ್, ಜುಲೈಯ ಮಳೆಗೆ ‘ನಾಳೆ ಕಲೆಕ್ಟರ್ ಅವಧಿ’ ಅಂತ ಮನೆಯಲ್ಲಿ ಕೇಳಿ ಕುಣಿದ ಮಕ್ಕಳು. ಖಾಲಿ ಬಿಟ್ಟವರು ತುಳು, ಹವ್ಯಕ, ಕರಾಡ ಮರಾಠಿ ಮನೆಯವರು. ಗಣಿತದಲ್ಲಿ ಇವರು ಅವರಿಗಿಂತ ಹಿಂದೆ ಇಲ್ಲ. ಅದೇ ಕ್ಯಾಲೆಂಡರ್ ತೋರಿಸಿ ‘ರಜೆ ಎಷ್ಟು?’ ಅಂತ ಬಾಯಲ್ಲಿ ಕೇಳಿದಾಗ ಆರರಲ್ಲಿ ಐವರು ಬೆರಳಿಟ್ಟು ಎಣಿಸಿ ಹೇಳಿದರು. ಎಸ್.ಆರ್.ಜಿ.ಯಲ್ಲಿ ಅರ್ಧ ಗಂಟೆ ಚರ್ಚೆ. ಉತ್ತರ ಸೂಚಿಯಂತೆಯೇ ಹೋಗಬೇಕು ಅಂತ ಒಂದು ಪಕ್ಷ, ಆ ಪ್ರಶ್ನೆಯನ್ನೇ ಬಿಡಬೇಕು ಅಂತ ಇನ್ನೊಂದು ಪಕ್ಷ. ಕೊನೆಗೆ 8 ಬರೆದವರಿಗೆ ಅಂಕ ಕೊಟ್ಟು, ಖಾಲಿ ಬಿಟ್ಟವರು ಬಾಯಲ್ಲಿ ಹೇಳಿದ್ದನ್ನು ಸಿ.ಇ.ಗೆ (ನಿರಂತರ ಮೌಲ್ಯಮಾಪನ) ಸೇರಿಸಿದ್ದು. ‘ಸಂಪೂರ್ಣ’ದಲ್ಲಿ ಹಾಕುವಾಗ ಎ, ಬಿ, ಸಿ ಅಂತ ಗ್ರೇಡ್ ಮಾತ್ರ. ಯಾಕೆ ಸಿ ಅಂತ ಬರೆಯುವ ಕಲಂ ಆ ಸಾಫ್ಟ್‌ವೇರ್‌ನಲ್ಲಿ ಇಲ್ಲ.

ಅವಧಿ ಒಂದೇ ಅಲ್ಲ. ಅವಕಾಶ ಅಂದರೆ ಮಲಯಾಳದವರಿಗೆ ಹಕ್ಕು, ನಮಗೆ ಬೇರೆ. ಅಪೇಕ್ಷೆ ಅಂದರೆ ಅರ್ಜಿ. ಸಂಸಾರ ಅಂದರೆ ಮಾತು. ‘ಚಿತ್ರದಲ್ಲಿರುವವರ ಸಂಸಾರ ಬರೆಯಿರಿ’ ಅಂತ ಬಂದರೆ ಮಕ್ಕಳು ಅಪ್ಪ, ಅಮ್ಮ, ಅಜ್ಜಿಯ ಹೆಸರು ಬರೆಯದೆ ಇನ್ನೇನು ಮಾಡಿಯಾರು? ಚೋದ್ಯ ಅಂದರೆ ಪ್ರಶ್ನೆ. ಈಗ ಈ ಪಟ್ಟಿ ಆಫೀಸಿನ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. 9.30ಕ್ಕೆ ಪ್ಯಾಕೆಟ್ ಬಿಚ್ಚಿದ ಕೂಡಲೇ ಒಬ್ಬರು ಕನ್ನಡದ ಪೇಪರ್ ಹಿಡಿದು ಗಟ್ಟಿಯಾಗಿ ಓದುವುದು, ಎರಡೂ ಭಾಷೆ ಬರುವ ಇನ್ನೊಬ್ಬರು ಮಲಯಾಳದ ಪೇಪರ್ ಮೇಲೆ ಕಣ್ಣಾಡಿಸುವುದು. ಎಲ್.ಪಿ. ಪೇಪರಿಗೆ ಹತ್ತು ನಿಮಿಷ ಸಾಕು. ಸಿಕ್ಕಿದ ತಪ್ಪನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂಲ್ ಆಫ್ ಟೈಮ್‌ನಲ್ಲಿ ಬೋರ್ಡಿಗೆ. ಉತ್ತರಕ್ಕೆ ಸುಳಿವು ಕೊಡುವ ಹಾಗಿಲ್ಲ, ಶಬ್ದ ಮಾತ್ರ.

ಪ್ಯಾಕೆಟ್‌ಗೂ ಒಂದು ಹಾಳೆ ಆಗಿದೆ. ಅಡ್ಡಸಾಲಿಗೆ ಕ್ಲಾಸ್, ಉದ್ದಸಾಲಿಗೆ ವಿಷಯ, ಗಣಿತ ಮತ್ತು ಪರಿಸರದ ಮನೆಯನ್ನು ಗೆರೆ ಎಳೆದು ಎರಡು ಮಾಡಿದ್ದು, ಕ ಒಂದು, ಮ ಒಂದು. ಬಿ.ಆರ್.ಸಿ.ಯ ಬೆಂಚಿನ ಮೇಲೆಯೇ ಲೇಬಲ್ ಓದಿ ಒಂದೊಂದು ಮನೆಗೆ ಗುರುತು. ಒಂದು ಮನೆಗೆ ಎರಡು ಗುರುತು ಬಿದ್ದರೆ ಅಥವಾ ಮಾಧ್ಯಮದ ಕಲಂ ಖಾಲಿ ಇದ್ದರೆ ಅಲ್ಲೇ ನಿಲ್ಲುವುದು. ಹಿಂದೆ ನಿಂತ ಹತ್ತು ಶಾಲೆಯವರು ಗೊಣಗಲಿ. ಒಟ್ಟು ಸಂಖ್ಯೆ ಬರೆಯುವುದು ಕೊನೆಗೆ.

ಸಿ.ಪಿ.ಟಿ.ಎ.ಯಲ್ಲಿ ಪೇಪರ್ ತೋರಿಸುವಾಗ ಒಬ್ಬ ಅಪ್ಪ ಮೂರನೇ ಪುಟ ಬೆಳಕಿಗೆ ಹಿಡಿದು ‘ಇದರಲ್ಲಿ ನೋಟು ಯಾವುದು ಟೀಚರೇ, ನೋಟ್ ಬ್ಯಾನ್ ಆದದ್ದಾ?’ ಅಂತ ಕೇಳಿದರು. ಎಲ್ಲರೂ ನಕ್ಕರು. ಅವರ ಮಗಳಿಗೆ ಆ ಪ್ರಶ್ನೆಯಲ್ಲಿ ಪೂರ್ತಿ ಅಂಕ ಇತ್ತು, ಬೋರ್ಡು ಸಾಕಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡು ಸರಿ ಕಾಣದ ಇಬ್ಬರಿಗೆ ಇರಲಿಲ್ಲ, ಅವರ ಮನೆಯಿಂದ ಯಾರೂ ಬಂದಿರಲಿಲ್ಲ.

ಹೆಚ್ಚಾಗಿ ಬಂದ ಕನ್ನಡ ಭಾಷೆಯ 25 ಪ್ರತಿ ವಾಪಸ್ ಕೊಡಲು ಹೋದರೆ ತಗೊಳ್ಳಲು ಯಾರೂ ತಯಾರಿಲ್ಲ, ವಾಪಸ್ ಬರೆದುಕೊಳ್ಳುವ ರಿಜಿಸ್ಟರೇ ಇಲ್ಲವಂತೆ. ನಾಲ್ಕನೇ ಪುಟ ಖಾಲಿ ಇದೆ. ರಜೆ ಕಳೆದು ಬಂದ ಒಂದನೇ ಕ್ಲಾಸಿನವರು ಅದರ ಮೇಲೆ ಆನೆ ಬಿಡಿಸುತ್ತಿದ್ದಾರೆ.