ಎರಡು ಕುರ್ಚಿಗೆ ಹಿಡಿಸದ ಟಾಪಿಕ್

ಡಿಬೇಟ್ ಶೋ ಮಾಡುವ ಪ್ರೊಡ್ಯೂಸರ್‌ಗಳಿಗೆ ಒಂದು ಮಾತು. ‘ಹೆಣ್ಣುಮಕ್ಕಳ ಲೈಂಗಿಕ ಒಲವು ಹುಟ್ಟಿನಿಂದ ಬಂದದ್ದೋ, ಸಂಸ್ಕೃತಿ ಕೊಟ್ಟದ್ದೋ’ ಎಂಬ ಟಾಪಿಕ್ ನಿಮ್ಮ ಮೇಜಿಗೆ ಬಂದರೆ, ಶೋದ ಕ್ರಮಪಟ್ಟಿ, ಅಂದರೆ ರನ್‌ಡೌನ್ ಬರೆಯುವ ಮೊದಲೇ ಪ್ರಸಾರದ ಹೊಣೆ ಹೊತ್ತ ಔಟ್‌ಪುಟ್ ಹೆಡ್ ಜೊತೆ ಜಗಳ ಆಡಿ ಮುಗಿಸಿ. ಲೈವ್ ಶುರುವಾದ ಮೇಲೆ ಆಡುವ ಜಗಳಕ್ಕೆ ಬೆಲೆ ಇಲ್ಲ.

ನಮ್ಮಲ್ಲಿ ಟಾಪಿಕ್ ಫಿಕ್ಸ್ ಆಗಿದ್ದು ಬೆಳಗಿನ ಮೀಟಿಂಗ್‌ನಲ್ಲಿ. ಹೆಸರು ‘ಜೀನಾ, ಜಗತ್ತಾ?’ ಎಡಗಡೆ ಜೀವವಿಜ್ಞಾನದ ಪ್ರೊಫೆಸರ್, ಬಲಗಡೆ ಸಮಾಜಶಾಸ್ತ್ರದ ಮೇಡಂ, ನಡುವೆ ಆ್ಯಂಕರ್. ಒಬ್ಬ ಮನೋವೈದ್ಯೆ ರಿಮೋಟ್‌ನಲ್ಲಾದರೂ ಇರಲಿ ಎಂದು ನಾನು ಹಟ ಹಿಡಿದೆ. ಒಪ್ಪಿದರು. ಲೆಸ್ಬಿಯನ್ ಮಹಿಳೆಯೊಬ್ಬರನ್ನು ಕರೆಯೋಣ ಅಂದಾಗ ಮಾತ್ರ, ‘ಅದು ಎಮೋಷನಲ್ ಆಗುತ್ತೆ, ನಮಗೆ ಸೈನ್ಸ್ ಬೇಕು’ ಅಂದರು. ಯಾರ ಬದುಕಿನ ಬಗ್ಗೆ ಇಡೀ ಗಂಟೆ ಮಾತೋ ಅವರಿಗೇ ಕುರ್ಚಿ ಇಲ್ಲ. ಇದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಆ್ಯಂಕರ್‌ಗೆ ಕೊಡುವ ಬ್ರೀಫ್ ಬರೆಯಲು ಕೂತೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ಈ ಕ್ಷೇತ್ರದಲ್ಲಿ ಎಲ್ಲರೂ ಉದಾಹರಿಸುವ ಸಂಶೋಧನೆಗಳಲ್ಲಿ ಹೆಚ್ಚಿನವು ಗಂಡಸರ ಮೇಲೆ ನಡೆದಂಥವು. 1991ರಲ್ಲಿ ನರವಿಜ್ಞಾನಿ ಸೈಮನ್ ಲೆವೇ, ಒಲವಿಗೂ ಅದಕ್ಕೂ ನಂಟಿದೆಯೇ ಎಂದು ನೋಡಲು ಮಿದುಳಿನ ಒಂದು ಪುಟ್ಟ ಭಾಗವನ್ನು ಅಳೆದರು. ಒಟ್ಟು 41 ಮಿದುಳು. ಅದರಲ್ಲಿ ಹೆಂಗಸರದು ಆರೇ. ಸಲಿಂಗಿ ಮಹಿಳೆಯದು ಎಂದು ಗುರುತಿಸಿದ್ದು ಒಂದೂ ಇಲ್ಲ. 1993ರಲ್ಲಿ ತಳಿವಿಜ್ಞಾನಿ ಡೀನ್ ಹ್ಯಾಮರ್ ತಂಡ, ಒಲವಿಗೆ ಸಂಬಂಧ ಇರಬಹುದು ಎಂದು ಎಕ್ಸ್ ಕ್ರೋಮೊಸೋಮಿನ ತುದಿಯ ಒಂದು ಜಾಗದ ಕಡೆ ಬೆರಳು ತೋರಿಸಿತು. ಅದೂ ಸಲಿಂಗಿ ಅಣ್ಣತಮ್ಮಂದಿರ ಅಧ್ಯಯನ. ಅದೇ ತಂಡ 1995ರಲ್ಲಿ ಹೆಂಗಸರಲ್ಲಿ ಹುಡುಕಿದಾಗ ಅಂಥ ಸಂಬಂಧ ಸಿಗಲಿಲ್ಲ. ಅಣ್ಣಂದಿರು ಜಾಸ್ತಿ ಇದ್ದಷ್ಟೂ ತಮ್ಮ ಸಲಿಂಗಿಯಾಗುವ ಸಾಧ್ಯತೆ ಸ್ವಲ್ಪ ಏರುತ್ತದೆ ಎನ್ನುವುದು ಹೆಸರಾಂತ ಲೆಕ್ಕ. ಅದೂ ಗಂಡುಮಕ್ಕಳದೇ.

ಇಷ್ಟನ್ನೂ ಬ್ರೀಫ್‌ನಲ್ಲಿ ಮೇಲೆಯೇ ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆದೆ. ಸೆಳೆತ ಬೇರೆ, ನಡವಳಿಕೆ ಬೇರೆ, ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಾಳೆ ಎನ್ನುವುದು ಬೇರೆ. ಯಾವ ಅಂಕಿ ಬಂದರೂ ಇದು ಮೂರರಲ್ಲಿ ಯಾವುದರದು ಎಂದು ಮೊದಲು ಕೇಳಿ. ಆ್ಯಂಕರ್ ಅದನ್ನು ಓದಿದ್ದರು. ಅದು ಆಮೇಲೆ ಕೆಲಸಕ್ಕೆ ಬಂತು.

ಗಲಾಟೆ ಎದ್ದರೆ ಗೆಸ್ಟ್‌ಗಳ ನಡುವೆಯೇ ಏಳುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಹಾಗೇನೂ ಆಗಲಿಲ್ಲ. ಮೊದಲ ಸೆಗ್ಮೆಂಟ್ ನಾನು ಮಾಡಿದ ಶೋಗಳಲ್ಲೇ ಒಳ್ಳೆಯದು. ಪ್ರೊಫೆಸರ್ 2019ರ ದೊಡ್ಡ ಅಧ್ಯಯನವನ್ನು ಎತ್ತಿಕೊಂಡರು. 4,77,522 ಜನರ ಜೀನ್ ಜಾಲಾಡಿದ್ದು. ಒಂದೇ ಒಂದು ‘ಗೇ ಜೀನ್’ ಇಲ್ಲ ಎಂದು ಅವರೇ ಹೇಳಿದರು. ಸಣ್ಣಸಣ್ಣ ಪ್ರಭಾವದ ಅನೇಕ ಜೀನ್‌ಗಳು ಸೇರಿ ಜನರ ನಡುವಿನ ವ್ಯತ್ಯಾಸದ 8ರಿಂದ 25% ಭಾಗವನ್ನು ವಿವರಿಸಬಹುದು, ಆದರೆ ಒಬ್ಬಳ ಜೀನ್ ನೋಡಿ ಅವಳ ಒಲವನ್ನು ಹೇಳಲು ಸಾಧ್ಯವೇ ಇಲ್ಲ ಅಂದರು. ಅಲ್ಲಿ ಕೇಳಿದ್ದು ‘ಒಮ್ಮೆಯಾದರೂ ಸಲಿಂಗ ಸಂಪರ್ಕ ಆಗಿತ್ತೇ’ ಎಂದು, ಹಾಗಾಗಿ ಅದು ನಡವಳಿಕೆಯ ಅಂಕಿ. ಅದನ್ನೂ ಅವರೇ ಬಿಡಿಸಿ ಹೇಳಿದರು.

ಮೇಡಂ ಬ್ರಿಟನ್ನಿನ ರಾಷ್ಟ್ರೀಯ ಲೈಂಗಿಕ ಸಮೀಕ್ಷೆಗಳನ್ನು ಮುಂದಿಟ್ಟರು. ಇನ್ನೊಬ್ಬ ಹೆಣ್ಣಿನ ಜೊತೆ ಸಂಪರ್ಕ ಇತ್ತು ಎಂದ ಹೆಂಗಸರು 1990ರ ಹೊತ್ತಿಗೆ 1.8%. 2010–12ರ ಹೊತ್ತಿಗೆ 7.9%. ‘ಇಪ್ಪತ್ತು ವರ್ಷದಲ್ಲಿ ಜೀನ್ ಬದಲಾಗಲ್ಲ, ಅಲ್ವಾ?’ ಎಂದು ಪ್ರೊಫೆಸರ್ ಕಡೆ ತಿರುಗಿದರು. ಅವರು ಹೌದೆಂದು ತಲೆ ಆಡಿಸಿದರು. ಸ್ವಂತ ದುಡಿಮೆ, ಮದುವೆ ಬೇಡ ಎನ್ನುವ ಅವಕಾಶ, ಹೇಳಿಕೊಂಡರೆ ಏಟು ಬೀಳುವುದಿಲ್ಲ ಎಂಬ ಧೈರ್ಯ, ಇವೆಲ್ಲ ಇದ್ದಲ್ಲಿ ಹೆಣ್ಣು ಏನು ಮಾಡುತ್ತಾಳೆ, ಏನು ಹೇಳುತ್ತಾಳೆ ಎನ್ನುವುದು ಬದಲಾಗುತ್ತದೆ. ಒಳಗಿನ ಸೆಳೆತ ಅಷ್ಟೇ ಪ್ರಮಾಣದಲ್ಲಿ ಬದಲಾಯಿತು ಎಂದು ಈ ಅಂಕಿಯಿಂದ ಹೇಳಲಾಗದು. ಇದನ್ನು ಮೇಡಂ ಕೂಡ ಒಪ್ಪಿದರು. ಇಬ್ಬರೂ ಹೊಡೆದಾಡುವುದು ಬಿಟ್ಟು ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತಿದ್ದರು. ನಮ್ಮ ನಮ್ಮಲ್ಲೇ ಮಾತಾಡುವ ಲೈನ್ ಆದ ಟಾಕ್‌ಬ್ಯಾಕ್‌ನಲ್ಲಿ ಔಟ್‌ಪುಟ್ ಹೆಡ್ ದನಿ: ‘ಫೈಟ್ ಎಲ್ಲಿ? ಪ್ಲೇಟ್ ಹಾಕಿ.’

ಪ್ಲೇಟ್, ಅಂದರೆ ಸ್ಕ್ರೀನ್ ಮೇಲೆ ಅಂಕಿ ತೋರಿಸುವ ಗ್ರಾಫಿಕ್, ಬಿತ್ತು.

ಅದು ಸ್ವೀಡನ್ನಿನ ಅವಳಿಗಳ ಅಧ್ಯಯನದ ಪ್ಲೇಟ್. 2010ರದು, 3,826 ಜೋಡಿ. ನಾನು ಕೊಟ್ಟಿದ್ದು ಹೆಂಗಸರ ಮೂರು ಅಂಕಿ. ಜೀನ್ ಪಾಲು 18–19%, ಅವಳಿಗಳು ಹಂಚಿಕೊಂಡ ಪರಿಸರ 16–17%, ಉಳಿದದ್ದು 64–66%. ಗ್ರಾಫಿಕ್ಸ್ ಟೆಂಪ್ಲೇಟಿನಲ್ಲಿ ಇರುವುದು ಎರಡೇ ಡಬ್ಬಿ. ಡೆಸ್ಕಿನವರು ಕೊನೆಯ ಎರಡನ್ನೂ ಕೂಡಿಸಿಬಿಟ್ಟಿದ್ದರು. ಸ್ಕ್ರೀನ್ ಮೇಲೆ ಕೆಂಪು ಡಬ್ಬಿಯಲ್ಲಿ ‘ಹುಟ್ಟು 18%’, ಹಳದಿ ಡಬ್ಬಿಯಲ್ಲಿ ‘ಬೆಳೆಸಿದ ರೀತಿ 82%’. ನನಗೆ ತೋರಿಸದೆ ಅಪ್ರೂವ್ ಆಗಿತ್ತು.

‘ಪ್ಲೇಟ್ ತೆಗೀರಿ’ ಅಂದೆ. ಆಪರೇಟರ್ ಹೆಡ್ ಮುಖ ನೋಡಿದ. ಹೆಡ್ ‘ಹೋಲ್ಡ್’ ಅಂದರು. ಅಷ್ಟರಲ್ಲಿ ಫೋನೋ, ಅಂದರೆ ವೀಕ್ಷಕರ ಕರೆ, ಸ್ಟುಡಿಯೋಗೆ ಪ್ಯಾಚ್ ಆಗಿತ್ತು.

ಒಬ್ಬ ತಾಯಿ. ದನಿ ಸಣ್ಣದು, ಟಿವಿ ಸೌಂಡ್ ಹಿಂದೆ ಕೇಳುತ್ತಿತ್ತು. ‘ಮೇಡಂ, ನಿಮ್ಮ ಸ್ಕ್ರೀನಲ್ಲಿ 82 ಅಂತ ಇದೆ. ಹಾಗಾದ್ರೆ ನನ್ನ ಮಗಳು ಹೀಗಾಗಿದ್ದು ನನ್ನಿಂದಾನಾ? ನಾನು ಎಲ್ಲಿ ತಪ್ಪಿದೆ ಹೇಳಿ. ಈಗ ಸರಿ ಮಾಡೋಕೆ ಎಲ್ಲಿಗೆ ಕರ್ಕೊಂಡು ಹೋಗ್ಬೇಕು?’

ಸ್ಟುಡಿಯೋದಲ್ಲಿ ಯಾರೂ ಮಾತಾಡಲಿಲ್ಲ. ಲೈವ್‌ನಲ್ಲಿ ಆ ಮೌನ ಎಷ್ಟು ಉದ್ದ ಅನ್ನಿಸುತ್ತದೆ ಎಂದು ಕಂಟ್ರೋಲ್ ರೂಮಿನಲ್ಲಿ (ಪಿಸಿಆರ್) ಕೂತವರಿಗೇ ಗೊತ್ತು. ಹೆಡ್ ಬ್ರೇಕ್‌ಗೆ ಹೋಗಲು ಕೈ ತಿರುಗಿಸುತ್ತಿದ್ದರು. ಬ್ರೇಕ್ ಹಾಕಿದ್ದರೆ ಆ ತಾಯಿಯ ತಲೆಯಲ್ಲಿ ಆ 82 ಹಾಗೇ ಉಳಿಯುತ್ತಿತ್ತು. ಮಗಳು ಪಕ್ಕದ ರೂಮಿನಲ್ಲೇ ಕೂತು ಇದನ್ನು ಕೇಳುತ್ತಿದ್ದಿರಬಹುದು. ನಾನು ಟಾಕ್‌ಬ್ಯಾಕ್ ಒತ್ತಿ ಆ್ಯಂಕರ್ ಕಿವಿಗೆ ಹೇಳಿದೆ: ‘ಮೇಡಂ, ಪ್ಲೇಟ್ ತಪ್ಪು. ಲೈನ್ ಬಿಡಬೇಡಿ. ಡಾಕ್ಟರ್ ಹತ್ರ ಹೋಗಿ.’

ಅವರು ಹೋದರು. ‘ಅಮ್ಮ, ಲೈನಲ್ಲೇ ಇರಿ. ಈ ಸ್ಕ್ರೀನ್ ಮೇಲಿರುವುದು ಸರಿಯಿಲ್ಲ’ ಎಂದು ಲೈವ್‌ನಲ್ಲೇ ಹೇಳಿದರು. ಆ ಧೈರ್ಯಕ್ಕೆ ನಾನು ಅವರಿಗೆ ಋಣಿ.

ಮನೋವೈದ್ಯೆ ಮಾತಾಡಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ. ‘ಅಮ್ಮ, ನೀವು ಏನೂ ತಪ್ಪು ಮಾಡಿಲ್ಲ’ ಎಂದೇ ಶುರು ಮಾಡಿದರು. ತದ್ರೂಪಿ ಅವಳಿಗಳಿಗೆ ಜೀನ್ ಒಂದೇ, ಮನೆ ಒಂದೇ, ತಾಯಿ ಒಬ್ಬಳೇ. ಆದರೂ ಒಬ್ಬಳು ಸಲಿಂಗಿ, ಇನ್ನೊಬ್ಬಳು ಅಲ್ಲ ಎನ್ನುವುದು ಸಾಮಾನ್ಯ. ಬೆಳೆಸಿದ ರೀತಿಯೇ ಕಾರಣವಾಗಿದ್ದರೆ ಇಬ್ಬರೂ ಒಂದೇ ಥರ ಆಗಬೇಕಿತ್ತು. ಆ 64–66% ಅನ್ನುವುದು ಇಬ್ಬರು ಅವಳಿಗಳನ್ನು ಬೇರೆ ಮಾಡುವ ಎಲ್ಲವನ್ನೂ ಹಾಕಿಟ್ಟ ಚೀಲ. ಗರ್ಭದಲ್ಲಿದ್ದಾಗಿನ ಸಣ್ಣ ವ್ಯತ್ಯಾಸ, ಕಾಯಿಲೆ, ಸುಮ್ನೆ ಆಕಸ್ಮಿಕ, ಸಮೀಕ್ಷೆಯ ತಪ್ಪು ಉತ್ತರ ಕೂಡ ಅದರಲ್ಲೇ ಬರುತ್ತದೆ. ಮನೆಯ ವಾತಾವರಣಕ್ಕೆ ಹತ್ತಿರದ್ದು ಆ 16–17%. ಅದರ ಅಂದಾಜೂ ತುಂಬಾ ಹಿಂದೆಮುಂದೆ ಆಗಬಹುದು. ಅಲ್ಲದೆ ಅಲ್ಲಿ ಎಣಿಸಿದ್ದು ಸಂಗಾತಿಗಳನ್ನು, ಸೆಳೆತವನ್ನಲ್ಲ.

ಆ್ಯಂಕರ್ ಕೇಳಿದರು: ‘ಹೆಂಗಸರ ಒಲವು ಬದಲಾಗುತ್ತೆ ಅಂತಾರಲ್ಲ ಡಾಕ್ಟ್ರೇ, ಹಾಗಾದ್ರೆ ಬದಲಾಯಿಸಬಹುದು ಅಂತ ಅಲ್ವಾ?’ ಬಹಳ ಜನ ಎಡವುವುದು ಇಲ್ಲೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ ಭಿನ್ನಲಿಂಗಿಗಳಲ್ಲದ 79 ಮಹಿಳೆಯರನ್ನು 10 ವರ್ಷ ಮತ್ತೆಮತ್ತೆ ಮಾತಾಡಿಸಿ 2008ರಲ್ಲಿ ಫಲಿತಾಂಶ ಬರೆದರು. ಸುಮಾರು ಮೂರರಲ್ಲಿ ಎರಡು ಪಾಲು ಜನ ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಒಮ್ಮೆಯಾದರೂ ಬದಲಾಯಿಸಿದ್ದರು. ಕೆಲವರಿಗೆ ಸೆಳೆತವೂ ಅಲ್ಪಸ್ವಲ್ಪ ಆಚೀಚೆ ಆಗಿತ್ತು. ಹಾಗೆ ತಾನಾಗಿ ಆಗುವುದು ಬೇರೆ, ಇನ್ನೊಬ್ಬರು ಕೂರಿಸಿ ಬದಲಾಯಿಸುವುದು ಬೇರೆ. ಬದಲಾಯಿಸುವ ‘ಚಿಕಿತ್ಸೆ’ ಫಲಿಸುತ್ತದೆ ಎನ್ನಲು ಆಧಾರ ಇಲ್ಲ, ಹಾನಿ ಆಗುತ್ತದೆ ಎನ್ನಲು ಇದೆ. ‘1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ ಅಮ್ಮ. ಸರಿ ಮಾಡೋಕೆ ಇಲ್ಲಿ ಕೆಟ್ಟಿರೋದು ಏನೂ ಇಲ್ಲ.’

ತಾಯಿ ‘ಆಯ್ತು ಮೇಡಂ’ ಅಂದರು. ಆಮೇಲೆ, ‘ಅವಳ ಹತ್ರ ಮಾತಾಡಿ ತಿಂಗಳಾಯ್ತು’ ಅಂದರು. ಶೋ ಮುಗಿದ ಮೇಲೆ ಗೆಸ್ಟ್ ಕೋಆರ್ಡಿನೇಟರ್ ಆ ತಾಯಿಯ ಒಪ್ಪಿಗೆ ಕೇಳಿ ಡಾಕ್ಟರಿಗೆ ಫೋನ್ ಕೊಟ್ಟರು.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಜೀವಶಾಸ್ತ್ರದ ಪಾಲು ಇದೆ. ಸಿಎಎಚ್ ಎಂಬ ಹುಟ್ಟಿನಿಂದ ಬರುವ ಹಾರ್ಮೋನ್ ಸಮಸ್ಯೆ ಇರುವ ಹೆಣ್ಣುಮಕ್ಕಳು ಗರ್ಭದಲ್ಲೇ ಆ್ಯಂಡ್ರೋಜನ್ ಹಾರ್ಮೋನಿಗೆ ಹೆಚ್ಚು ಒಡ್ಡಿಕೊಂಡಿರುತ್ತಾರೆ. ಅವರಲ್ಲಿ ಹೆಂಗಸರ ಕಡೆ ಸೆಳೆತ ಸರಾಸರಿಗಿಂತ ಜಾಸ್ತಿ ಕಾಣುತ್ತದೆ, ಆದರೂ ಹೆಚ್ಚಿನವರಿಗೆ ಗಂಡಸರ ಕಡೆಯೇ ಸೆಳೆತ. ಸಂಸ್ಕೃತಿಯ ಪಾಲೂ ಇದೆ, ಮುಖ್ಯವಾಗಿ ಹೇಳಿಕೊಳ್ಳುವುದರಲ್ಲಿ ಮತ್ತು ಬದುಕುವುದರಲ್ಲಿ. ಎರಡಕ್ಕೂ ಒಂದೊಂದು ಡಬ್ಬಿ ಕೊಟ್ಟು ಮೊತ್ತ ನೂರು ಮಾಡಿದರೆ ಸುಳ್ಳಾಗುತ್ತದೆ. ‘ಹುಟ್ಟಿನಿಂದ ಬಂದದ್ದು’ ಎಂದು ಸಾಬೀತಾದರೆ ಮಾತ್ರ ಒಬ್ಬ ಹೆಣ್ಣಿಗೆ ಗೌರವ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. ಕಾರಣ ಏನೇ ಇರಲಿ, ಆ ಮನೆಯಲ್ಲಿ ಆ ಹುಡುಗಿಗೆ ಮಾತಾಡಿಸುವವರು ಬೇಕು.

ಮರುದಿನ ಮೀಟಿಂಗ್‌ನಲ್ಲಿ ಬಂದ ಮಾತು ‘ಫೋನೋ ಸೆಗ್ಮೆಂಟ್ ರೇಟಿಂಗ್ ಚೆನ್ನಾಗಿ ಬರುತ್ತೆ’ ಎಂದು. ಪ್ಲೇಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನೇ ಎತ್ತಿದೆ. ಅಂಕಿ ಇರುವ ಯಾವ ಪ್ಲೇಟೂ ಬ್ರೀಫ್ ಬರೆದವರು ನೋಡದೆ ಆನ್ ಏರ್ ಹೋಗಬಾರದು, ಆರೋಗ್ಯ ಮತ್ತು ಲೈಂಗಿಕತೆಯ ಶೋಗಳಿಗೆ ಮೂರು ಡಬ್ಬಿಯ ಟೆಂಪ್ಲೇಟ್ ಬೇಕು, ವಿಷಯ ಯಾರದೋ ಅವರು ಪ್ಯಾನೆಲ್‌ನಲ್ಲಿ ಇರಬೇಕು. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು. ಟೆಂಪ್ಲೇಟ್ ‘ಟೆಕ್ನಿಕಲ್ ಟೀಮ್ ನೋಡ್ತಿದೆ’. ಮೂರನೆಯದಕ್ಕೆ ಉತ್ತರ ಬಂದಿಲ್ಲ.

ಡಿಜಿಟಲ್ ಡೆಸ್ಕಿನವರು ಹಾಕಿದ ತುಣುಕಿನಲ್ಲಿ ಆ ಹಳದಿ ಡಬ್ಬಿ ಇನ್ನೂ ಹಾಗೇ ಇದೆ. ಆ್ಯಂಕರ್ ಅದನ್ನು ತಪ್ಪು ಎಂದ ಭಾಗವನ್ನು ಮಾತ್ರ ಕತ್ತರಿಸಿದ್ದಾರೆ. ತೆಗೆಯುವವರೆಗೂ ಮೇಲ್ ಹಾಕುತ್ತಲೇ ಇರುತ್ತೇನೆ.